ಗ್ಲೌಸಿಗೆ ಹಾಕಿದ ಹೊಲಿಗೆ

ಮಾರ್ಚ್ ೩, ಮಂಗಳವಾರ

ಹೊಲಿಯುತ್ತಿರುವ ಕೋಟಿಗೆ ಒಳಗಿನ ಅಸ್ತರ್ ಕೊನೆಗೂ ಸರಿಯಾಗಿ ಕೂತಿತು. ತೋಳು ಬಾಕಿ. ಕನ್ನಡಕದ ಮೇಡಂ ಅಳತೆ ನೋಡಲು ಬಂದವರು ಕೋಟು ಬಿಟ್ಟು ಫೋನು ತೋರಿಸುತ್ತ ಕೂತರು. ಯಾವ ಸಾಮಾನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವರ ಗುಂಪು ಫೋನಿನಲ್ಲೇ ತೀರ್ಮಾನಿಸುತ್ತದೆ. ಮಾಡಿದವರ ಮೈ ಕೆಡಿಸಿದ ಸಾಮಾನು ನಮ್ಮ ಮನೆಗೆ ಬೇಡ ಎನ್ನುವುದು ಅವರ ಮಾತು. ನನಗೂ ಸರಿ ಅನ್ನಿಸಿತ್ತು. ಅದಕ್ಕೇ ಮೊನ್ನೆ ಭಾನುವಾರ ಆ ಫೋಟೋ ತೆಗೆದು ಅವರಿಗೆ ಕಳಿಸಿದ್ದು.

ನಾದಿನಿಯ ಗ್ಲೌಸಿನ ಫೋಟೋ. ಅವಳಿರುವುದು ಬಾತ್‌ರೂಮ್ ತೊಳೆಯುವ ಪುಡಿಯ ಫ್ಯಾಕ್ಟರಿಯಲ್ಲಿ. ಪುಡಿ ಗ್ಲೌಸನ್ನೇ ತಿಂದುಹಾಕುತ್ತದೆ. ನಾನು ಹಾಕಿದ ತೇಪೆಯ ಪಕ್ಕದಲ್ಲೇ ಬೆರಳ ಸಂದಿಯಲ್ಲಿ ಮತ್ತೆ ತೂತು, ಒಳಗೆ ಚರ್ಮ ಕೆಂಪಗೆ. ಹೊಸದು ಕೇಳಿದರೆ "ಹೊಲಿಸ್ಕೊಂಡು ಹಾಕ್ಕೊಳ್ಳಿ" ಎಂಬ ಉತ್ತರ. ಮುಖ ಬರದ ಹಾಗೆ ತೆಗೆದೆ. ಅವಳೋ ನಗುತ್ತಲೇ ಕೈ ಒಡ್ಡಿದಳು. "ತಡೀರಿ ಅತ್ತಿಗೆ, ಗ್ಲೌಸಿಗೊಂದು ಬಳೆ ಹಾಕ್ಕೊಂಡ್ಬರ್ತೀನಿ."

ಮೇಡಂ ಪುಡಿಯ ಹೆಸರು ಹಾಕಿ ಅದರ ಕೆಳಗೆ ಬರೆದರಂತೆ: ಗ್ಲೌಸೇ ಹೀಗಾದರೆ ಕೈ ಹೇಗಿರಬೇಡ. ಫೋಟೋ ಎಲ್ಲಾ ಕಡೆ ಓಡುತ್ತಿದೆ. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ ೫, ಗುರುವಾರ, ಮಧ್ಯಾಹ್ನ

ಮೂಲೆಯಂಗಡಿಯಲ್ಲಿ ಆ ಪುಡಿಯ ನೀಲಿ ಡಬ್ಬಿಯ ಸಾಲು ಖಾಲಿ. "ಯಾರೂ ಕೇಳ್ತಿಲ್ಲಮ್ಮ, ವಾಪಸ್ ಕಳಿಸ್ಬಿಟ್ಟೆ. ಅಂದಹಾಗೆ ನಿಮ್ಮನೆ ಹುಡುಗಿ ಅಲ್ಲೇ ಅಲ್ವಾ ಕೆಲಸಕ್ಕಿರೋದು?" ಅಂಗಡಿಯವನು ಮಾತಿಗೆ ಕೇಳಿದ್ದು, ಅಷ್ಟೇ. ಬ್ರೆಡ್ ತರಲು ಹೋದವಳು ಬರಿಗೈಲಿ ಬಂದೆ.

ಸಂಜೆ

ನಾದಿನಿ ಬೇಗ ಬಂದಳು. ಓವರ್‌ಟೈಮ್ ನಿಲ್ಲಿಸಿದ್ದಾರೆ. ಅವರ ಸೂಪರ್‌ವೈಸರ್‌ಗೆ ಹೆಂಗಸರೆಲ್ಲ ಇಟ್ಟ ಹೆಸರು ಪೌಡರಪ್ಪ. ಪುಡಿಯ ಹತ್ತಿರ ಸುಳಿಯದವನು, ಮುಖಕ್ಕೆ ಮಾತ್ರ ದಪ್ಪಗೆ ಪೌಡರ್ ಮೆತ್ತಿಕೊಂಡು ಬರುತ್ತಾನೆ. ಇವತ್ತು ಫೋಟೋ ಹಿಡಿದುಕೊಂಡು ಲೈನಿನ ಉದ್ದಕ್ಕೂ ನಡೆದನಂತೆ. ಯಾರದ್ದೆಂದು ಗೊತ್ತಾದರೆ ಕೆಲಸವೂ ಇಲ್ಲ, ಮೇಲೆ ಪೊಲೀಸ್ ಕೇಸು. ಸೋಮವಾರ ಎಲ್ಲರೂ ಗ್ಲೌಸು ಮೇಜಿನ ಮೇಲೆ ಇಟ್ಟು ತೋರಿಸಬೇಕು.

"ಅತ್ತಿಗೆ, ಅವ್ನು ಫೋಟೋದಲ್ಲಿ ಕೈ ನೋಡ್ತಾನೇ ಇರ್ಲಿಲ್ಲ. ಹೊಲಿಗೆ ನೋಡ್ತಿದ್ದ. ನಮ್ಮ ಗ್ಲೌಸಿಗೆಲ್ಲ ಪುಡಿ ಮೆತ್ತಿತ್ತು, ಅದಕ್ಕೇ ಬಚಾವಾದೆ."

ಫೋಟೋ ಹಿಗ್ಗಿಸಿದೆ. ತೇಪೆಯ ಸುತ್ತ ಹಸಿರು ದಾರದಲ್ಲಿ, ಗುಂಡಿಯ ತೂತಿಗೆ ಹಾಕುವಂಥ ಕಾಜಾ ಹೊಲಿಗೆ. ನಾನು ಎಡಚಿ. ನನ್ನ ಕಾಜಾ ಬೇರೆಯವರದ್ದಕ್ಕೆ ಉಲ್ಟಾ ವಾಲುತ್ತದೆ. ಮುಖ ತಪ್ಪಿಸಿದೆ, ಗೋಡೆ ತಪ್ಪಿಸಿದೆ, ಹಿಂದೆ ನೇತಾಡುತ್ತಿದ್ದ ಗಿರಾಕಿಯ ಅಂಗಿಯನ್ನೂ ತೆಗೆದಿಟ್ಟೆ. ದಿನಾ ನೋಡುವ ನನ್ನದೇ ಹೊಲಿಗೆ ಮಾತ್ರ ಕಣ್ಣಿಗೆ ಬೀಳಲಿಲ್ಲ. ಬುದ್ಧಿಗೆ ಮಂಕು ಕವಿದಿತ್ತು...

ಇವರು ಲಾರಿ ಹತ್ತುವಾಗ ಹೇಳಿದ್ದು ಒಂದೇ ಮಾತು — "ತಂಗೀನ ನೋಡ್ಕೋ." ಚೆನ್ನಾಗಿ ನೋಡಿಕೊಂಡೆ.

ಮಾರ್ಚ್ ೬, ಶುಕ್ರವಾರ

ಮೇಡಂಗೆ ಫೋನ್ ಮಾಡಿದೆ. ಪಾಪ, ಆಗಲೇ ಫೋಟೋ ತೆಗೆದುಹಾಕಿದರು, ಗಾಬರಿಬಿದ್ದರು. ಏನು ಪ್ರಯೋಜನ. ಅದು ಊರೆಲ್ಲ ಸುತ್ತಿ ಆಗಿದೆ.

"ಆದ್ರೂ ನಾವು ಕೊಳ್ಳೋದು ಬಿಟ್ಟಿದ್ದು ತಪ್ಪಲ್ಲ ಅಲ್ವಾ?" ಎಂದು ಕೇಳಿದರು. ನನಗೇನು ಗೊತ್ತು? ಅವರು ಕೊಂಡರೆ ಇವಳ ಕೈ ಹೋಗುತ್ತದೆ, ಬಿಟ್ಟರೆ ಕೆಲಸ ಹೋಗುತ್ತದೆ. ಕೋಟಿನ ತೋಳು ನಾಳೆ ಕೂರಿಸ್ತೀನಿ ಎಂದು ಹೇಳಿ ಫೋನ್ ಇಟ್ಟೆ.

ನಮ್ಮ ಬಾತ್‌ರೂಮಿನಲ್ಲೂ ಅದೇ ನೀಲಿ ಡಬ್ಬಿ. ಬಳಸಲು ಮನಸ್ಸಿಲ್ಲ. ಎಸೆಯಲು ಭಯ — ಕಸದ ಬುಟ್ಟಿಯಲ್ಲಿ ಯಾರಾದರೂ ನೋಡಿ ಏನಾದರೂ ಅಂದುಕೊಂಡರೆ? ಇವಳು ನಕ್ಕಳು. "ಅತ್ತಿಗೆ, ಪೌಡರಪ್ಪ ನಮ್ಮನೆ ಕಸ ಹೆಕ್ಕೋಕೆ ಬರ್ತಾನಾ?" ನಗು ಅರ್ಧಕ್ಕೇ ನಿಂತುಹೋಯಿತು. ಇಬ್ಬರಿಗೂ ಊಟ ಸೇರಲಿಲ್ಲ.

ಮಾರ್ಚ್ ೭, ಶನಿವಾರ

ವಾರಕ್ಕೊಮ್ಮೆ ತೊಳೆಯಲೆಂದು ಗ್ಲೌಸು ಮನೆಗೆ ಬರುತ್ತದೆ. ಇವತ್ತು ಬಂತು. ಕತ್ತರಿಯ ತುದಿಯಿಂದ ಒಂದು ಹೊಲಿಗೆ ಬಿಚ್ಚಿ ನೋಡಿದೆ. ರಬ್ಬರ್ ಬಟ್ಟೆ. ದಾರ ಬಂತು, ಸೂಜಿಯ ತೂತು ಉಳಿಯಿತು. ಎಲ್ಲ ಬಿಚ್ಚಿದರೂ ಸಾಲು ಹಾಗೇ ಕಾಣುತ್ತದೆ, ಬಿಚ್ಚಿದ್ದು ಯಾಕೆ ಎಂಬ ಪ್ರಶ್ನೆ ಬೇರೆ. ಕಳೆದುಹೋಯಿತು ಎಂದರೆ ತಾನೇ ಎಂದು ಒಪ್ಪಿಕೊಂಡ ಹಾಗೆ. ಬಿಚ್ಚಿದ ಹೊಲಿಗೆಯನ್ನು ಮತ್ತೆ ಹಾಕಿದೆ.

ಆಗ ಹೊಳೆಯಿತು. ಇದೊಂದೇ ಇದ್ದರೆ ತಾನೇ ಗುರುತು? ಬೇರೆಯವರ ಗ್ಲೌಸಿಗೂ ಹೀಗೇ ಹಾಕಿಬಿಟ್ಟರೆ...

ಹೇಳಿದೆ. ನಾದಿನಿ ಕೆಂಡಾಮಂಡಲ. "ನನ್ನ ಸಲುವಾಗಿ ಅವರ ಹೊಟ್ಟೆ ಮೇಲೆ ಹೊಡೀಲಾ? ನಾನು ಯಾರನ್ನೂ ಕೇಳಲ್ಲ. ನೀವೂ ಕೇಳಕೂಡ್ದು."

ಸರಿ ಎಂದೆ.

ಮಾರ್ಚ್ ೮, ಭಾನುವಾರ, ಬೆಳಿಗ್ಗೆ

ಗಂಟೆ ಬಂದಿದ್ದಳು. ನಾದಿನಿಯ ಪಕ್ಕದಲ್ಲಿ ನಿಂತು ಡಬ್ಬಿ ತುಂಬುವವಳು. ಅವಳು ಪಿಸುಗುಟ್ಟಿದರೂ ಬೀದಿಗೆ ಕೇಳುತ್ತದೆ, ಅದಕ್ಕೇ ಆ ಹೆಸರು. ಬಾಗಿಲಲ್ಲಿ ಅವಳನ್ನು ಕಂಡು ಹೆದರಿದೆ. ಹಸಿರು ದಾರವನ್ನು ದಿನಾ ಪಕ್ಕದಲ್ಲೇ ನೋಡುವವಳು. ಇವಳೊಬ್ಬಳು ಬಾಯಿ ಬಿಟ್ಟರೆ ಮುಗಿಯಿತು.

ಬಂದವಳೇ ಬಾಗಿಲು ಹಾಕಿದಳು. ಚೀಲ ತೆಗೆದು ಮಿಷನ್ ಮೇಲೆ ಸುರಿದಳು. ಎಲ್ಲ ಗ್ಲೌಸು.

"ಅಕ್ಕಾ, ಇವಕ್ಕೂ ಅದೇ ದಾರ ಹಾಕ್ಕೊಡಿ. ಎಲ್ಲರದ್ದೂ ತಂದಿದೀನಿ... ಎಲ್ಲರದ್ದೂ ಅಂದ್ರೆ ಕೊಟ್ಟವರದ್ದು. ಕೆಲವರು ಬಾಗಿಲೇ ತೆಗೀಲಿಲ್ಲ."

ನಾದಿನಿ ಅಳಲು ಶುರುಮಾಡಿದಳು. ಗಂಟೆ ಅವಳ ಬೆನ್ನಿಗೊಂದು ಗುದ್ದಿದಳು. "ಅಳೋದು ಆಮೇಲೆ. ಸೂಜಿಗೆ ದಾರ ಪೋಣ್ಸು." ಆಮೇಲೆ ನನ್ನ ಕಡೆ ತಿರುಗಿ — "ಫೋಟೋ ಹಾಕಿದ್ರಲ್ಲ, ಆ ನಿಮ್ಮ ಮೇಡಂಗೆ ಹೇಳಿ. ಕೊಳ್ಳೋದು ಬಿಡಿ ಅಂತ ನಾವು ಕೇಳಿದ್ವಾ? ಗ್ಲೌಸು ಕೊಡಿಸಿ ಅಂತ ಕೇಳಿದ್ದು. ಅಂಗಡೀಲಿ ಸುಮ್ನೆ ಡಬ್ಬಿ ಬಿಟ್ಟುಹೋದ್ರೆ ಕಂಪನಿಗೆ ಏನು ತಿಳಿಯುತ್ತೆ? ಯಾಕೆ ಬಿಟ್ರಿ ಅಂತ ಬಾಯಲ್ಲಿ ಹೇಳ್ಬೇಕು, ಅದೂ ಅವರ ಮುಖಕ್ಕೇ."

ಮೊದಲ ಬಾರಿ ಯಾರೋ ಸರಿಯಾಗಿ ಹೇಳಿದರು.

ಸಂಜೆ

ಬೆರಳು ಊದಿಕೊಂಡಿದೆ. ಎಲ್ಲಕ್ಕೂ ಆಯಿತು. ತೂತಿಲ್ಲದ ಗ್ಲೌಸಿಗೂ ತೇಪೆ ಹಾಕಿದೆ. ಹೊಸ ದಾರ ಹೊಳೆಯುತ್ತಿತ್ತು, ಚಹಾದ ಚರಟ ಉಜ್ಜಿ ಮಾಸಲು ಮಾಡಿದೆವು.

ಹೆದರಿಕೆ ಕಡಿಮೆಯಾಗಬೇಕಿತ್ತು. ಜಾಸ್ತಿಯಾಗಿದೆ. ನಿನ್ನೆ ಒಬ್ಬಳಿಗಾಗಿ ಹೆದರುತ್ತಿದ್ದೆ. ಈಗ ನೋಡಿದರೆ ಮುಖ ನೋಡಿರದವರ ಅನ್ನವೂ ನನ್ನ ಸೂಜಿಗೆ ಸಿಕ್ಕಿಕೊಂಡಿದೆ.

ಮಾರ್ಚ್ ೯, ಸೋಮವಾರ, ಬೆಳಿಗ್ಗೆ

ಹೋದಳು. ತಿಂಡಿ ಮುಟ್ಟಲಿಲ್ಲ. ಮಿಷನ್ ಮುಂದೆ ಕೂತಿದ್ದೇನೆ, ಕಾಲು ಪೆಡಲ್ ತುಳಿಯುತ್ತಿಲ್ಲ.

ಮಧ್ಯಾಹ್ನ

ಬಂದಿದ್ದಾಳೆ. ನಡೆದದ್ದು ಇಷ್ಟು. ಪೌಡರಪ್ಪ ಮೇಜಿನ ಮೇಲೆ ಮೊದಲ ಗ್ಲೌಸು ನೋಡಿ ಮೀಸೆ ತಿರುವಿದನಂತೆ, ಸಿಕ್ಕಿತು ಎಂದು. ಎರಡನೆಯದೂ ಹಸಿರು. ಮೂರನೆಯದೂ. ಮುಖದ ಪೌಡರೆಲ್ಲ ಬೆವರಿಗೆ ಇಳಿಯಿತಂತೆ. ತೇಪೆ ಇಲ್ಲದವರನ್ನು ಒಳಗೆ ಕಳಿಸಿದ. ಉಳಿದವರೆಲ್ಲ ಗೇಟಿನ ಹೊರಗೆ, ಬಿಸಿಲಿನಲ್ಲಿ. "ಫೋಟೋ ಯಾರ ಕೆಲಸ ಅಂತ ಹೇಳಿ, ಮಿಕ್ಕವರು ಒಳಗೆ ಬನ್ನಿ. ಸಂಜೆವರೆಗೂ ಬಾಯಿ ಬಿಡದಿದ್ರೆ ಯಾರಿಗೂ ಕೆಲಸ ಇಲ್ಲ."

ಯಾರೂ ಬಾಯಿ ಬಿಟ್ಟಿಲ್ಲ. ಗಂಟೆ ಕೂಡ.

"ನಾನೇ ಅಂತ ಹೇಳ್ಬಿಡ್ತೀನಿ ಅತ್ತಿಗೆ. ಗಂಟೆ ಮನೇಲಿ ದುಡಿಯೋರು ಅವಳೊಬ್ಬಳೇ. ಮುಖ ತೊಳ್ಕೊಂಡು ಹೊರಡ್ತೀನಿ. ಅಣ್ಣಂಗೆ ಈಗಲೇ ಹೇಳ್ಬೇಡಿ." ಬಾತ್‌ರೂಮಿಗೆ ಹೋದಳು. ನೀರು ಬೀಳುವ ಸದ್ದು ಕೇಳುತ್ತಿದೆ.

ಏನು ಹೇಳಬೇಕೆಂದು ಬರೆದು ನೋಡುತ್ತಿದ್ದೇನೆ, ಅವಳ ಬದಲು ನಾನು ಪೌಡರಪ್ಪನ ಎದುರು ನಿಂತಾಗ ಮರೆಯದಿರಲಿ ಎಂದು. ಫೋಟೋ ತೆಗೆದವಳು ನಾನು. ಕಳಿಸಿದವಳೂ ನಾನು. ಹೊಲಿಯಲು ಇವರೆಲ್ಲರ ಗ್ಲೌಸು ನನ್ನ ಹತ್ತಿರ ಬರುತ್ತವೆ, ಫೋಟೋದಲ್ಲಿದ್ದದ್ದು ಯಾರದ್ದೋ ನೆನಪಿಲ್ಲ. ಕೆಲಸದಿಂದ ತೆಗೆಯುತ್ತೀರಾ? ನನಗೆ ನಿಮ್ಮಲ್ಲಿ ಕೆಲಸವೇ ಇಲ್ಲ. ನಾನು ನಿಮ್ಮ ಗಿರಾಕಿ. ಡಬ್ಬಿ ಯಾಕೆ ಬಿಟ್ಟೆ ಅಂತ ಹೇಳಲು ಬಂದಿದ್ದೇನೆ.

ಕೇಸು ಹಾಕುತ್ತಾರೆ. ಹಾಕುತ್ತಾರೇನೋ. ನನಗೆ ಪೊಲೀಸರೆಂದರೆ ಚಿಕ್ಕಂದಿನಿಂದಲೂ ಭಯ, ಅವರು ಎದುರು ಬಂದರೆ ರಸ್ತೆ ದಾಟುವವಳು ನಾನು. ಗೇಟು ದೂರವಿಲ್ಲ, ಓಡಿದರೆ ಅವಳಿಗಿಂತ ಮೊದಲು ಮುಟ್ಟಬಹುದು. ಬಾತ್‌ರೂಮಿನ ಚಿಲಕ ಹೊರಗಿನಿಂದ ಹಾಕಿದ್ದೇನೆ. ಬೈಯಲಿ, ಬಾಗಿಲು ಬಡಿಯಲಿ, ಆಮೇಲೆ ಕ್ಷಮೆ ಕೇಳುತ್ತೇನೆ.

ನೀರು ನಿಂತಿತು. "ಅತ್ತಿಗೆ" ಅನ್ನುತ್ತಿದ್ದಾಳೆ. ಉತ್ತರ ಕೊಟ್ಟರೆ ನನ್ನ ಧೈರ್ಯ ಉಡುಗುತ್ತದೆ. ಹೊರಟೆ.