ಖುರದ ಸಪ್ಪಳ

ಅಪ್ಪಾರಿಗೆ ಗುರುಬಸವನ ನಮಸ್ಕಾರ.

ಮೂವತ್ತು ವರ್ಷ ಕುದುರೆಗಳ ಮುರಿದ ಕಾಲು ಕೂಡಿಸಿ ಪಾಠ ಹೇಳಿದ್ದಕ್ಕೆ ನಿನ್ನೆ ಪಶುವೈದ್ಯ ಕಾಲೇಜಿನವರು ನನಗೆ ಶಾಲು ಹೊದಿಸಿದರು. ಎಕ್ಸ್‌ರೇ ತೆಗೆಯುವ ಮೊದಲೇ ಯಾವ ಕಾಲಿಗೆ ನೋವೆಂದು ಹೇಗೆ ಹೇಳುತ್ತೀರೆಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ವಿದೇಶದಲ್ಲಿ ಕಲಿತೆ ಎಂದುಬಿಟ್ಟೆ. ನೀವು ಕೊನೆಯ ಸಾಲಿನಲ್ಲಿ ಕೂತಿದ್ದಿರಿ.

ಚಿಕ್ಕಂದಿನಲ್ಲಿ ನಾಂಪಲ್ಲಿ ಸ್ಟೇಷನ್ ಮುಂದೆ ನೀವು ಹೊಡೆಯುತ್ತಿದ್ದ ಟಾಂಗಾದಲ್ಲಿ ನನ್ನ ಕಣ್ಣು ಮುಚ್ಚಿ, "ಸಪ್ಪಳ ಕೇಳೋ ತಮ್ಮಾ, ಯಾವ ಕಾಲು ಮೆತ್ತಗ ಬೀಳತೈತಿ, ಅದಕ್ಕ ನೋವೈತಿ" ಎಂದು ಕಲಿಸಿದವರು ನೀವು. ಅಷ್ಟು ಜನರೆದುರು ಟಾಂಗಾದ ಮಾತೆತ್ತಲು ನಾಲಿಗೆ ಹೊರಳಲಿಲ್ಲ.

ಸೋಮವಾರ ಹತ್ತು ಗಂಟೆಗೆ ನಿಮ್ಮನ್ನು ಕರೆದೊಯ್ಯಲು ಕುಷಾಯಿಗೂಡದ ಮನೆಗೆ ನಾನೇ ಬರುತ್ತೇನೆ. ನನ್ನ ಕ್ಲಾಸಿಗೆ ಬಂದು ಆ ಮಕ್ಕಳ ಕಣ್ಣನ್ನೂ ಮುಚ್ಚಿಸಿರಿ.

ನಿನ್ನೆ ಸಭೆಯೆಲ್ಲ ಜೋರಾಗಿ ಚಪ್ಪಾಳೆ ತಟ್ಟಿತು. ನೀವೂ ತಟ್ಟಿದಿರಿ, ಮೆತ್ತಗೆ.

ನಿಮ್ಮ ಮಗ,
ಗುರುಬಸವ