ಆಯಿಯ ಫುಗಡಿ ಕ್ಯಾಸೆಟ್ಟು

ಪ್ರೀತಿಯ ತಂಗಿ ರಂಜನಾ,

ಅಂಕೋಲೆಯಿಂದ ನಿನ್ನ ಊರು ಚಿತ್ತಾಕುಲಕ್ಕೆ ಬಸ್ಸಿದೆ, ಕೈಯಲ್ಲಿ ಫೋನೂ ಇದೆ. ಆದರೂ ಪತ್ರ ಬರೆಯುತ್ತಿದ್ದೇನೆ. ಈ ಮಾತನ್ನು ನಿನ್ನ ಮುಖ ನೋಡಿ ಹೇಳುವ ಧೈರ್ಯ ನನಗಿಲ್ಲ.

ಮೊದಲು ಜಂಬ ಕೊಚ್ಚಿಕೊಂಡು ಮುಗಿಸುತ್ತೇನೆ. ನನ್ನ ಕೋಣೆಯಲ್ಲೀಗ ನಲವತ್ತೊಂದು ಯಂತ್ರಗಳಿವೆ. ಸ್ಪೂಲ್ ಟೇಪ್ ರೆಕಾರ್ಡರು, ವಿಸಿಆರು, ಹೆಗಲ ಮೇಲೆ ಹೊರುವ ವಿಡಿಯೋ ಕ್ಯಾಮೆರಾ, ಎಲ್ಲವೂ ಓಡುತ್ತವೆ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಕಪಾಟಿನೊಳಗೆ ಬಲ್ಬು ಉರಿಸಿಡುತ್ತೇನೆ. ಇದು ಮನೆಯೋ ಗುಜರಿಯೋ ಎಂದು ಮದುವೆಯಾದಂದಿನಿಂದ ನನ್ನನ್ನು ಬೈಯುತ್ತಿದ್ದ ನಿನ್ನ ವೈನಿ ನೀತಾ, ಈಗ ಕಾರವಾರದಿಂದ ಜನ ಹಳೇ ಮದುವೆ ಕ್ಯಾಸೆಟ್ಟು ಹಿಡಿದು ಬಂದರೆ ತಾನೇ ಚಹಾ ಕೊಟ್ಟು ಒಂದೊಂದು ಯಂತ್ರದ ಕತೆ ಹೇಳುತ್ತಾಳೆ.

ಒಂದು ಕ್ಯಾಸೆಟ್ಟನ್ನು ಮಾತ್ರ ನಾನು ಮುಟ್ಟಿರಲಿಲ್ಲ. ಯಾವುದೆಂದು ನಿನಗೆ ಗೊತ್ತು. ಚೌತಿಯಲ್ಲಿ ಹೆಂಗಸರೆಲ್ಲ ಸುತ್ತಿ ಕುಣಿಯುವಾಗ ನಮ್ಮ ಹೆತ್ತ ಆಯಿ ಹಾಡಿದ ಫುಗಡಿ ಹಾಡುಗಳದ್ದು. ಯಾರೂ ಅದರ ಮೇಲೆ ರೆಕಾರ್ಡ್ ಮಾಡಬಾರದೆಂದು ಅಂಚಿನ ಪ್ಲಾಸ್ಟಿಕ್ ಚೂರು ಮುರಿದಿಟ್ಟಿದ್ದೆ. ಆಯಿ ಹೋದ ಮರುವರ್ಷ, ಹನ್ನೆರಡರ ಹುಡುಗಿ ನೀನು, ಆ ತೂತಿಗೆ ಕಾಗದ ತುರುಕಿ ರೇಡಿಯೋದ ಸಿನಿಮಾ ಹಾಡು ತುಂಬಿಸಿದೆ. ಆಗ ಎಲ್ಲರ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಎರಡು ಹಾಡು ಕೇಳಿದ್ದೇ ನನ್ನ ತಲೆ ಕೆಟ್ಟಿತು. "ಆಯಿನ ಎರಡನೇ ಸಲ ಕೊಂದೆ ನೀನು" ಅಂದುಬಿಟ್ಟೆ. ಅಂದಿನಿಂದ ನೀನು ಫುಗಡಿಗೆ ನಿಂತಿಲ್ಲ, ಈ ಕೋಣೆಗೆ ಕಾಲಿಟ್ಟಿಲ್ಲ.

ಕಳೆದ ವಾರ ಅದನ್ನು ಬಿಚ್ಚಿದೆ. ಬೂಷ್ಟು ಹಿಡಿದ ಟೇಪನ್ನು ಮೆತ್ತನೆ ಬಟ್ಟೆಯಲ್ಲಿ ಗೇಣು ಗೇಣಾಗಿ ಒರೆಸಿ ಓಡಿಸಿದೆ. ನಾಲ್ಕನೇ ಸಿನಿಮಾ ಹಾಡು ಅರ್ಧಕ್ಕೇ ಟಕ್ಕೆಂದು ನಿಂತಿತು. ಆ ದಿನ ಕರೆಂಟು ಹೋಗಿರಬೇಕು, ನಮ್ಮೂರ ಕರೆಂಟಲ್ಲವೇ! ಅದರಾಚೆಗೆ ಅಳಿಸದೆ ಉಳಿದ ಚಪ್ಪಾಳೆ, ಕುಣಿಯುವವರ ಫೂ ಫೂ ಎಂಬ ಫುಗಡಿಯ ಉಸಿರು, ಆಯಿಯ ದನಿ. ನಡುವೆ ಹಾಡು ನಿಲ್ಲಿಸಿ, "ತೂ ಮ್ಹಣ ಗೋ ಬಾಯ" ಎಂದು ನಿನ್ನನ್ನು ಹಾಡಲು ಕರೆಯುತ್ತಾಳೆ. ನೀನು ಹಾಡುತ್ತೀಯ ರಂಜನಾ, ಒಂಚೂರೂ ತಾಳ ತಪ್ಪದೆ. ಆಯಿ ಶಾಬಾಸ್ ಎನ್ನುತ್ತಾಳೆ. ಕುಳಿತಲ್ಲೇ ಅತ್ತುಬಿಟ್ಟೆ. ಇವಳು ನನ್ನ ತಂಗಿ ಎಂದು ಹೆಮ್ಮೆಯೂ ಆಯಿತು.

ಊರವರ ಕ್ಯಾಸೆಟ್ಟನ್ನೆಲ್ಲ ಕೊನೆಯವರೆಗೆ ಓಡಿಸಿ ನೋಡುವವನು, ಇದೊಂದನ್ನು ಪೂರ್ತಿ ಕೇಳದೆಯೇ ನಿನಗೆ ಶಿಕ್ಷೆ ಕೊಟ್ಟೆ. ನಿನ್ನ ತಪ್ಪು ಹದಿನೈದು ನಿಮಿಷದ್ದು. ನನ್ನದು ಮೂವತ್ತನಾಲ್ಕು ವರ್ಷದ್ದು.

ಈ ಚೌತಿಗೆ ಬಾ. ಫುಗಡಿಗೆ ಮೊದಲು ನೀನೇ ನಿಲ್ಲಬೇಕು, ರೆಕಾರ್ಡ್ ಬಟನ್ ನಾನು ಒತ್ತುತ್ತೇನೆ. ಆಯಿಯ ಶಾಬಾಸಿಗೆ ನನ್ನ ಆಶೀರ್ವಾದವನ್ನೂ ಸೇರಿಸಿಕೊಂಡು ನೂರು ಕಾಲ ಹಾಡಿಕೊಂಡಿರು.

ಕ್ಷಮೆ ಕೇಳುತ್ತ,
ನಿನ್ನ ದಾದಾ, ಮಧುಕರ