ವಾರಂಟಿಗಾಗಿ ಆಡಿದ ಮಾತು

ಅಪ್ಪನಿಗೆ,

ಗೋಡೆಯ ಈಚೆ ಕಡೆಯಿಂದ ನಿನ್ನ ಮಗಳು ಬರೆಯುವುದು. ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವ ಗತಿ ಬಂತಲ್ಲ ಎಂದು ನಗು ಬರಬೇಕಿತ್ತು, ಬರುತ್ತಿಲ್ಲ. ನೀನು ಮುಂದಿನ ಕೋಣೆಯಲ್ಲಿ, ಗಡಿಯಾರ ರಿಪೇರಿಯ ಮೇಜಿನ ಮುಂದೆ ಸುಮ್ಮನೆ ಕೂತಿದ್ದೀಯ. ಹತ್ತೊಂಬತ್ತು ದಿನವಾಯಿತು, ಆ ಮೇಜಿನ ಮೇಲೆ ಒಂದು ಗಡಿಯಾರವೂ ಬಿಚ್ಚಿಕೊಂಡಿಲ್ಲ. ಆವತ್ತು ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಹತ್ತು ಜನರ ಎದುರು ನಾನು ನಿನ್ನ ಬಗ್ಗೆ ಒಂದು ಸುಳ್ಳು ಹೇಳಿದೆ. ಅದನ್ನು ನಿನ್ನ ಮುಖ ನೋಡಿ ಒಪ್ಪಿಕೊಳ್ಳಲು ಬಾಯಿ ಬರುತ್ತಿಲ್ಲ. ಅದಕ್ಕೇ ಈ ಕಾಗದ.

ಆ ಹಾಳು ಲ್ಯಾಪ್‌ಟಾಪ್ ಮನೆಗೆ ಬಂದ ದಿನವೇ ನೀನು ಅದನ್ನು ಕಿವಿಗೆ ಹಿಡಿದು ನೋಡಿದ್ದೆ. ಗಡಿಯಾರವನ್ನು ಹಿಡಿಯುವ ಹಾಗೆಯೇ, ಕಣ್ಣು ಮುಚ್ಚಿಕೊಂಡು. "ಇದರ ಉಸಿರು ಸರಿಯಿಲ್ಲ ಕಣೇ" ಅಂದೆ. ನಾನು ನಕ್ಕೆ. ಯಾರೋ ಬಳಸಿ ಬಿಟ್ಟದ್ದನ್ನು ಕಂಪನಿಯವರೇ ರಿಪೇರಿ ಮಾಡಿ, ಒರೆಸಿ, ಹೊಸ ಡಬ್ಬದಲ್ಲಿಟ್ಟು ಕೊಟ್ಟಿದ್ದಾರೆ, ಆರು ತಿಂಗಳ ವಾರಂಟಿ ಬೇರೆ ಇದೆ, ನಿನ್ನದು ಹಳೇ ಕಾಲದ ಅನುಮಾನ ಎಂದು ದೊಡ್ಡದಾಗಿ ಭಾಷಣ ಬಿಗಿದೆ. ನೀನು "ಆಯ್ತಮ್ಮ, ನೀನು ಓದಿದೋಳು" ಎಂದು ನಿನ್ನ ಮೇಜಿಗೆ ಹೋದೆ. ನಿನಗೆ ಸಿಟ್ಟೇನೂ ಬಂದಿರಲಿಲ್ಲ, ನನ್ನನ್ನು ರೇಗಿಸುವಾಗಲೆಲ್ಲ ನೀನು ಹೇಳುವ ಮಾತೇ ಅದು.

ಅದೇ ವಾರ ನನಗೆ ಆಸ್ಪತ್ರೆಯ ಟೈಪಿಂಗ್ ಕೆಲಸ ಸಿಕ್ಕಿತ್ತು. ಡಾಕ್ಟರುಗಳು ರೋಗಿಗಳನ್ನು ನೋಡಿ ಮಾತಿನಲ್ಲಿ ಹೇಳಿ ಕಳಿಸಿದ್ದನ್ನು ಕೇಳಿಸಿಕೊಂಡು ವರದಿ ಟೈಪ್ ಮಾಡಿ ಕಳಿಸುವುದು. ಎರಡು ವರ್ಷ ಖಾಲಿ ಕೂತಿದ್ದವಳಿಗೆ ಮೂರು ತಿಂಗಳ ಪರೀಕ್ಷೆಯ ಅವಧಿ, ಪಾಸಾದರೆ ಕಾಯಂ. ನೀನು ರಿಪೇರಿಗೆ ಬಂದವರಿಗೆಲ್ಲ "ಮಗಳು ಡಾಕ್ಟರ್ ಆಫೀಸಲ್ಲಿದಾಳೆ" ಅಂತ ಹೇಳಿಕೊಂಡು ತಿರುಗಿದೆ. ಅರ್ಧ ಕೇಳಿದವರು ನನ್ನನ್ನು ಡಾಕ್ಟರೇ ಅಂದುಕೊಂಡು ಮಂಡಿನೋವಿನ ಮಾತ್ರೆ ಕೇಳಿದರು.

ಮೂರನೆಯ ವಾರದಿಂದ ಲ್ಯಾಪ್‌ಟಾಪ್ ಕೈಕೊಡಲು ಶುರುಮಾಡಿತು. ಬಿಸಿಯಾಗುವುದು, ಒಳಗೆ ಗರಗರ ಎನ್ನುವುದು, ಇದ್ದಕ್ಕಿದ್ದ ಹಾಗೆ ಕಣ್ಣು ಮುಚ್ಚುವುದು. ಯಾರದೋ ಹೃದಯದ ವರದಿ ಅರ್ಧಕ್ಕೆ ನಿಂತು ಹೋಗುತ್ತಿತ್ತು. ವಾರಂಟಿಯವರಿಗೆ ಫೋನ್ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ, ಆಮೇಲೆ ಸಂಗೀತ. ಸಂಗೀತ ಮುಗಿದ ಮೇಲೆ ಒಬ್ಬ ಹುಡುಗಿ. "ನಿಮ್ಮ ತೊಂದರೆ ನಮಗೆ ಅರ್ಥ ಆಗತ್ತೆ ಮೇಡಂ, ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಆಫ್ ಆಗುವುದೇ ಅದರ ಕಾಯಿಲೆ ತಾಯಿ ಎಂದು ನಾನು ಕೂಗಾಡಿದ್ದು ನಿನಗೂ ಕೇಳಿಸಿತ್ತು. ಹೀಗೆ ಎಂಟು ಸಲ. ಆಸ್ಪತ್ರೆಯಿಂದ ಎರಡು ಎಚ್ಚರಿಕೆ ಬಂದವು. ಆ ದಿನಗಳಲ್ಲಿ ನಾನು ಊಟ ಬಿಟ್ಟೆ, ಅಮ್ಮನ ಮೇಲೆ ಹರಿಹಾಯ್ದೆ, ನಿನ್ನ ಜೊತೆ ಮಾತು ಕಡಿಮೆ ಮಾಡಿದೆ.

ಒಂದು ಮಧ್ಯಾಹ್ನ ಅಳುತ್ತಾ ಮಲಗಿದ್ದವಳು ಎದ್ದು ಬಂದು ನೋಡಿದರೆ ಲ್ಯಾಪ್‌ಟಾಪ್ ನಿನ್ನ ಮೇಜಿನ ಮೇಲೆ ಬೆನ್ನು ಬಿಚ್ಚಿಕೊಂಡು ಮಲಗಿತ್ತು. ನೀನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಕ್ಕ ಬ್ರಷ್ಷಿನಿಂದ ಫ್ಯಾನಿನ ಒಂದೊಂದೇ ರೆಕ್ಕೆಯನ್ನು ಒರೆಸುತ್ತಿದ್ದೆ. ತೆಗೆದ ಸ್ಕ್ರೂಗಳು ಒಂದು ತಟ್ಟೆಯಲ್ಲಿ, ಯಾವ ಜಾಗದ್ದು ಎಲ್ಲಿಗೆ ಎಂಬ ಕ್ರಮದಲ್ಲೇ ಇದ್ದವು. ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದು ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು ಅಪ್ಪಾ. ಬಾಗಿಲಲ್ಲಿ ನಿಂತು ನೋಡಿದೆ, ಬೇಡ ಅನ್ನಲಿಲ್ಲ. ನೀನು ಸರಿಮಾಡಿಬಿಟ್ಟರೆ ಸಾಕು ಎಂಬ ಆಸೆಯಿಂದ ಸದ್ದಿಲ್ಲದೆ ಹೋಗಿ ಮತ್ತೆ ಮಲಗಿದೆ. ಇದನ್ನು ಇವತ್ತಿನ ತನಕ ಯಾರಿಗೂ ಹೇಳಿಲ್ಲ.

ಎರಡು ದಿನ ಅದು ಚೆನ್ನಾಗಿ ನಡೆಯಿತು. ಮೂರನೆಯ ದಿನ ಪೂರ್ತಿ ಸತ್ತಿತು.

ಸರ್ವಿಸ್ ಸೆಂಟರಿಗೆ ನೀನಾಗಿಯೇ ಹೊರಟೆ. "ಒಬ್ಬಳೇ ಹೋದ್ರೆ ಓಡಾಡಿಸ್ತಾರೆ, ನಾನೂ ಬರ್ತೀನಿ" ಎಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೆ. ಟೋಕನ್ ಹಿಡಿದು ಒಂದೂವರೆ ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು. ಕೌಂಟರಿನ ಮೆಕ್ಯಾನಿಕ್ ಮೊದಲು ಕೇಳಿದ್ದೇ "ಹೊರಗೆಲ್ಲಾದ್ರೂ ಓಪನ್ ಮಾಡಿಸಿದ್ರಾ?" ಅಂತ. ನೀನು ಬಾಯಿ ತೆರೆಯುವ ಮೊದಲೇ ನಾನು "ಇಲ್ಲ" ಎಂದೆ. ಸ್ಕ್ರೂ ಮೇಲಿನ ಸೀಲಿನ ಚೀಟಿಯನ್ನು ಆತ ತಿರುಗಿಸಿ ತಿರುಗಿಸಿ ನೋಡಿದ. ನೀನು ಅದನ್ನು ಒಂದು ಚೂರೂ ಹರಿಯದೆ ಬಿಡಿಸಿ, ಇದ್ದ ಹಾಗೇ ಅಂಟಿಸಿದ್ದೆಯಲ್ಲ, ಅವನಿಗೆ ಗೊತ್ತಾಗಲಿಲ್ಲ. ನನಗೆ ಹೋದ ಜೀವ ಬಂದ ಹಾಗಾಯಿತು. ಆತ ಮುಚ್ಚಳ ತೆಗೆದ. ಒಳಗಡೆ, ಮುಚ್ಚಳದ ಮೂಲೆಯಲ್ಲಿ, ಸೂಜಿಮೊನೆಯಿಂದ ಗೀಚಿದ ನಿನ್ನ ಗುರುತು, ಪಕ್ಕದಲ್ಲಿ ತಾರೀಕು.

ನಲವತ್ತು ವರ್ಷ ನೀನು ಬಿಚ್ಚಿದ ಪ್ರತಿಯೊಂದು ಗಡಿಯಾರದ ಬೆನ್ನಿನ ಒಳಗೂ ಹಾಗೆ ಗೀಚಿದವನು. ಮುಂದೆ ಅದನ್ನು ಯಾರು ಬಿಚ್ಚಿದರೂ, ಮೊದಲು ಕೈಹಾಕಿದವರು ಯಾರು, ಯಾವತ್ತು ಎಂದು ತಿಳಿಯಬೇಕು, ಅದು ಕಸುಬಿನ ಮರ್ಯಾದೆ ಎನ್ನುತ್ತಿದ್ದೆ. ಮೆಕ್ಯಾನಿಕ್ "ಇದೇನಿದು?" ಎಂದು ಕೇಳಿದ್ದಕ್ಕೆ ನೀನು ಹೆಮ್ಮೆಯಿಂದಲೇ ಮುಂದೆ ಬಾಗಿ "ನನ್ನ ಗುರುತು ಅದು" ಅಂದೆ. ಆತ ಮುಚ್ಚಳ ಕೆಳಗಿಟ್ಟ. "ಹಾಗಾದ್ರೆ ವಾರಂಟಿ ಇಲ್ಲ ಮೇಡಂ."

ಆಗ ನನ್ನ ಬಾಯಿಂದ ಬಂತು. "ನಮ್ಮಪ್ಪಂಗೆ ಈಚೆಗೆ ತಲೆ ಸರಿಯಿಲ್ಲ ಸರ್. ಆರು ತಿಂಗಳಿಂದ ಮರೆವು. ಏನು ಮಾಡ್ತಾರೆ, ಯಾಕೆ ಮಾಡ್ತಾರೆ ಅಂತ ಅವರಿಗೇ ತಿಳಿಯಲ್ಲ. ಮಾಡಿದ್ದು ಆಮೇಲೆ ನೆನಪೂ ಇರಲ್ಲ." ತಡವರಿಸದೆ ಹೇಳಿದೆ. ದಿನಾ ಅಂಥ ವರದಿಗಳನ್ನು ಟೈಪ್ ಮಾಡುತ್ತಿದ್ದವಳಿಗೆ ಹುಡುಕಬೇಕಾಗಿರಲಿಲ್ಲ, ಒಂದರ ಹಿಂದೊಂದು ಸಾಲುಗಳು ತಾವಾಗಿಯೇ ಬಂದವು.

ನೀನು ನನ್ನನ್ನು ನೋಡಿದೆ. ತುಂಬ ಹೊತ್ತೇನಲ್ಲ. ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿ, ನಾನೆಂದೂ ಕೇಳಿರದ ಒಂದು ಪೆದ್ದು ದನಿಯಲ್ಲಿ "ಹೌದಪ್ಪಾ, ನಂಗೇನೂ ನೆನಪಿರಲ್ಲ. ತಪ್ಪಾಯ್ತು, ಮಗಳಿಗೆ ತೊಂದರೆ ಕೊಡಬೇಡಿ" ಎಂದೆ. ಕೂದಲೆಳೆಯಂಥ ಸ್ಪ್ರಿಂಗ್ ಹಿಡಿಯುವ ಕೈಗಳನ್ನು ಜೋಡಿಸಿ ಅವನಿಗೆ ಮುಗಿದೆ. ಹಿಂದೆ ಕೂತಿದ್ದ ಹೆಂಗಸೊಬ್ಬಳು ಅಯ್ಯೋ ಪಾಪ ಅಂದಳು.

ಮೆಕ್ಯಾನಿಕ್‌ಗೂ ಕರುಳು ಚುರ್ ಎಂದಿರಬೇಕು. ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದ. "ಸಾರಿ ಮೇಡಂ, ರೂಲ್ಸು." ಆಮೇಲೆ ದನಿ ತಗ್ಗಿಸಿ, ಹೋಗಿರುವುದು ಒಳಗಿನ ಮುಖ್ಯ ಬೋರ್ಡು, ಅದು ಬರುವಾಗಲೇ ಹಾಳಾಗಿತ್ತು, ಮುಟ್ಟಿದವರ ಕೈಯಿಂದ ಏನೂ ಕೆಟ್ಟಿಲ್ಲ, ಇಷ್ಟು ಶುದ್ಧವಾಗಿ ನಮ್ಮಲ್ಲೂ ಯಾರೂ ಕ್ಲೀನ್ ಮಾಡಲ್ಲ ಎಂದ. ನೀನು ಆಗಲೇ ಬಾಗಿಲ ಹತ್ತಿರ ಹೋಗಿ ನಿಂತಿದ್ದೆ. ನಿನಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಬಸ್ಸಿನಲ್ಲಿ ನಾನದನ್ನು ಹೇಳಬಹುದಿತ್ತು, ಹೇಳಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕೂತೆ, ನೀನು ನನ್ನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಆ ವಾರವೇ ಕೆಲಸ ಹೋಯಿತು. ಅದಕ್ಕೆ ನಾನು ಅಳುತ್ತಿಲ್ಲ ಎಂದರೆ ನಂಬು.

ಸರ್ವಿಸ್ ಸೆಂಟರಿಗೆ ಹೋಗಿ ಬಂದ ಮರುದಿನ ಕೈಗಡಿಯಾರ ತಂದ ಟೀಚರಮ್ಮನಿಗೆ ನೀನು "ನಂಗೀಗ ನೆನಪಿರಲ್ಲಮ್ಮಾ, ಬೇರೆ ಕಡೆ ಕೊಡಿ" ಎಂದು ಹೇಳಿ ವಾಪಸು ಕಳಿಸಿದಾಗ ನನಗೆ ಚುಚ್ಚಲೆಂದೇ ಹೇಳುತ್ತಿದ್ದೀಯ ಅಂದುಕೊಂಡೆ. ಚುಚ್ಚಲಿ, ತಪ್ಪು ನನ್ನದೇ ಎಂದು ಸುಮ್ಮನಾದೆ. ಆದರೆ ನೀನು ಅದನ್ನೇ ಅಮ್ಮನಿಗೂ ಹೇಳತೊಡಗಿದೆ. ಹಾಲು ತಂದಿರಾ ಅಂದರೆ ನೆನಪಿಲ್ಲ. ಚಾವಿ ಎಲ್ಲಿ ಅಂದರೆ ನೆನಪಿಲ್ಲ. ಏನೂ ತಿಳಿಯದ ಅಮ್ಮ ಹೆದರಿ ಮೊನ್ನೆ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು "ನೀನು ರೋಗಿಗಳ ವರದಿಯೆಲ್ಲ ಬರೀತಿದ್ಯಲ್ಲ, ಇದಕ್ಕೆ ಏನಂತಾರೆ ಹೇಳು" ಎಂದು ಕೇಳಿದಳು. ಏನಂತಾರೆಂದು ನನಗೆ ಗೊತ್ತು. ಕೈ ಬಿಡಿಸಿಕೊಂಡು ಪಾತ್ರೆ ತೊಳೆಯತೊಡಗಿದೆ.

ನಿನ್ನೆ ನೀನು ಗೋಡೆ ಗಡಿಯಾರಕ್ಕೆ ಕೀ ಕೊಟ್ಟು ಇಳಿದೆ. ಎರಡೇ ನಿಮಿಷದಲ್ಲಿ ಮತ್ತೆ ಸ್ಟೂಲ್ ತಂದು ಹತ್ತಿ, ಕೈಯಲ್ಲಿ ಕೀ ಹಿಡಿದು ನಿಂತು, "ಇದಕ್ಕೆ ಕೊಟ್ನೇನೇ?" ಎಂದು ಕೇಳಿದೆ. ಅಮ್ಮ ಅಲ್ಲಿರಲಿಲ್ಲ, ನಾನೊಬ್ಬಳೇ. ನಿನ್ನ ಕಣ್ಣಲ್ಲಿ ನಾಟಕ ಹುಡುಕಿದೆ ಅಪ್ಪಾ, ಸಿಗಲಿಲ್ಲ. ಅಲ್ಲಿದ್ದದ್ದು ಹೆದರಿಕೆ. ಹಾಗಾದರೆ ನೀನು ನಟಿಸುತ್ತಿದ್ದದ್ದು ಯಾವಾಗ, ನಿಜವಾದದ್ದು ಯಾವಾಗ? ನಾನು ಸುಳ್ಳು ಹೇಳುವ ಮೊದಲೇ ಅದು ನಿನ್ನೊಳಗೆ ಬಂದು ಕೂತಿತ್ತೇ? ಅಥವಾ ನಾನೇ ಕರೆದು ಕೂರಿಸಿದೆನೇ? ನನಗೆ ಏನೂ ತಿಳಿಯುತ್ತಿಲ್ಲ.

ನಾಳೆ ಬೆಳಿಗ್ಗೆ ಅಮ್ಮ ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾಳೆ. ಜೊತೆಗೆ ನಾನೂ ಬರಬೇಕು. ಅವರು ಮೊದಲು ಕೇಳುವುದು ಒಂದೇ ಪ್ರಶ್ನೆ, ಎಷ್ಟು ದಿನದಿಂದ ಹೀಗೆ ಅಂತ. ಮಗಳು ಹೇಳಿದ್ದನ್ನೇ ಅವರು ಬರೆದುಕೊಳ್ಳುತ್ತಾರೆ. ಆರು ತಿಂಗಳು ಎನ್ನಲೇ? ಹತ್ತೊಂಬತ್ತು ದಿನ ಎನ್ನಲೇ?

ಅದಕ್ಕೆ ಮೊದಲು ನನಗಾಗಿ ಒಂದು ಕೆಲಸ ಮಾಡು. ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಬಂದು ನನ್ನನ್ನು ಬಯ್ಯಿ. ಅಮ್ಮನ ಎದುರಿಗೇ ಬಯ್ಯಿ, ಬೀದಿಗೆ ಕೇಳಿಸುವ ಹಾಗೆ ಬಯ್ಯಿ, ಕೆನ್ನೆಗೆ ಎರಡು ಬಾರಿಸು. ನಾನು ಆವತ್ತು ಆಡಿದ ಒಂದೊಂದು ಮಾತನ್ನೂ ಎತ್ತಿ ಆಡು. ನೀನು ಸುಮ್ಮನಿದ್ದರೆ ಕ್ಷಮಿಸಿದೆಯೋ, ಮರೆತೆಯೋ, ನನಗೆ ಈ ಜನ್ಮದಲ್ಲಿ ತಿಳಿಯುವುದಿಲ್ಲ. ನಿನ್ನ ಕ್ಷಮೆ ನನಗೆ ಬೇಡ ಅಪ್ಪಾ. ನಿನ್ನ ಸಿಟ್ಟು ಇನ್ನೂ ಇದೆ ಎಂದು ಗೊತ್ತಾದರೆ ಸಾಕು, ಅದನ್ನೇ ಆಶೀರ್ವಾದ ಎಂದುಕೊಳ್ಳುತ್ತೇನೆ.

ನಿನ್ನ ಬೈಗುಳಕ್ಕೆ ಬಾಗಿಲು ತೆರೆದಿಟ್ಟು ಕಾಯುತ್ತಿರುವ,
ನಿನ್ನ ಮಗಳು